ರ‍್ಯಾಮ್ ಹಾಕೋ ಮುಂಚೆ ಪ್ರೂಫ್ ನೋಡಿ

ನನ್ನ ಹಾಸ್ಟೆಲ್ ಡ್ರಾಯರ್‌ನಲ್ಲಿ ಒಂದು 8 ಜಿಬಿ ಡಿಡಿಆರ್4 ರ‍್ಯಾಮ್ ಸ್ಟಿಕ್ ಇದೆ. ಹೊಸದು. ತಗೊಂಡು ಐದು ತಿಂಗಳಾಯ್ತು, ಇವತ್ತಿನವರೆಗೂ ಯಾವ ಕಂಪ್ಯೂಟರ್‌ನಲ್ಲೂ ಒಂದು ನಿಮಿಷ ಕೂಡ ಕೆಲಸ ಮಾಡಿಲ್ಲ. ಬೆಲೆ 1,900 ರೂಪಾಯಿ. ದುಡ್ಡು ಅಪ್ಪಂದು, ತಪ್ಪು ನಂದು.

ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು. ನಮ್ಮಲ್ಲಿ ತುಂಬಾ ಜನರ ಮನೇಲೋ ಅಂಗಡೀಲೋ ಒಂದು ಹಳೇ ಡೆಸ್ಕ್‌ಟಾಪ್ ಇದ್ದೇ ಇರತ್ತೆ. ಊರಿಗೆ ಹೋದಾಗ ಯಾರಾದ್ರೂ ಒಬ್ರು "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಈ ಕಂಪ್ಯೂಟರ್ ಯಾಕೋ ಸ್ಲೋ ಆಗಿದೆ, ಸ್ವಲ್ಪ ನೋಡು" ಅಂತ ಹೇಳೇ ಹೇಳ್ತಾರೆ. ನಾವೂ ಯೋಚನೆ ಮಾಡದೆ "ರ‍್ಯಾಮ್ ಹಾಕಿದ್ರೆ ಸರಿಹೋಗತ್ತೆ" ಅಂದುಬಿಡ್ತೀವಿ. ಆ ಮಾತು ಹೇಳೋ ಮುಂಚೆ ಏನೇನು ನೋಡ್ಬೇಕು, ಹೇಳಿದ ಮೇಲೆ ಹೇಗೆ ಹಾಕ್ಬೇಕು, ಹಾಕಿದ ಮೇಲೆ ಹೇಗೆ ಪರೀಕ್ಷೆ ಮಾಡ್ಬೇಕು ಅನ್ನೋದನ್ನ ಒಂದೊಂದಾಗಿ ಬರೀತೀನಿ. ಬ್ರಾಂಚ್ ಯಾವುದಾದ್ರೂ ಪರವಾಗಿಲ್ಲ, ಸ್ಕ್ರೂಡ್ರೈವರ್ ಹಿಡಿಯೋಕೆ ಬಂದ್ರೆ ಸಾಕು.

ಅಂಗಡಿ ಕಥೆ

ತಿಪಟೂರಲ್ಲಿ ಅಪ್ಪನದ್ದು ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್, ಬ್ಯಾನರ್ ಡಿಸೈನ್ ಇವೇ ಕೆಲಸ. ಇರೋದು ಒಂದೇ ಕಂಪ್ಯೂಟರ್. ನುಡಿಯಲ್ಲಿ ಟೈಪ್ ಮಾಡಿ, ಫೋಟೋ ಇದ್ರೆ ಫೋಟೋಶಾಪ್‌ನಲ್ಲಿ ಸರಿಮಾಡಿ, ಕೋರೆಲ್‌ಡ್ರಾದಲ್ಲಿ ಜೋಡಿಸ್ತಾರೆ. ಪಕ್ಕದಲ್ಲಿ ಬ್ರೌಸರ್‌ನಲ್ಲಿ ವಾಟ್ಸ್ಆ್ಯಪ್ ಓಪನ್ ಇರಲೇಬೇಕು, ಯಾಕಂದ್ರೆ ಗಿರಾಕಿಗಳು ಹೆಸರು, ಮುಹೂರ್ತ, ಫೋಟೋ ಎಲ್ಲ ಕಳಿಸೋದು ಅದರಲ್ಲೇ.

ಕಳೆದ ಮದುವೆ ಸೀಸನ್‌ನಲ್ಲಿ ಕಂಪ್ಯೂಟರ್ ಕೈಕೊಡೋಕೆ ಶುರುಮಾಡ್ತು. ಗಿರಾಕಿ ಎದುರಿಗೆ ಕೂತಿರ್ತಾರೆ, ಸ್ಕ್ರೀನ್ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬರತ್ತೆ. ಅಪ್ಪ "ಒಂದ್ನಿಮಿಷ, ಟೀ ತರಿಸ್ತೀನಿ" ಅಂತಾರೆ. ಟೀ ಆರಿಹೋದ್ರೂ ಫೈಲ್ ಓಪನ್ ಆಗಿರಲ್ಲ. ಹೀಗೆ ಮೂರು ಜನ ಎದ್ದು ರಸ್ತೆ ಆಚೆ ಬದಿಯ ಹೊಸ ಅಂಗಡಿಗೆ ಹೋದ್ರು ಅಂತ ಅಮ್ಮ ಫೋನಲ್ಲಿ ಹೇಳಿದ್ರು. ಅಪ್ಪ ನನಗೆ ಒಂದು ಮಾತೂ ಹೇಳಿರಲಿಲ್ಲ. ಹೊಸ ಕಂಪ್ಯೂಟರ್ ತಗೋಳೋ ಹಾಗಿರಲಿಲ್ಲ, ನನ್ನ ಸೆಮಿಸ್ಟರ್ ಫೀಸ್ ಕಟ್ಟಿ ಇನ್ನೂ ಒಂದು ತಿಂಗಳಾಗಿರಲಿಲ್ಲ.

"ನಾನು ನೋಡ್ಕೋತೀನಿ ಬಿಡಿ" ಅಂದೆ. ಫೋನಲ್ಲೇ ಅಪ್ಪನ್ನ ಕೇಳಿ ಪ್ರೊಸೆಸರ್ ಯಾವುದು ಅಂತ ತಿಳ್ಕೊಂಡೆ. ಇಂಟೆಲ್ ಕೋರ್ ಐ5, ಆರನೇ ಜನರೇಷನ್. ಹುಡುಕಿದ್ರೆ ಎಲ್ಲ ಕಡೆ ‘ಆರನೇ ಜನರೇಷನ್ ಅಂದ್ರೆ ಡಿಡಿಆರ್4’ ಅಂತಲೇ ಬಂತು. ಶುಕ್ರವಾರ ಕ್ಲಾಸ್ ಮುಗಿಸಿ ಎಸ್.ಪಿ. ರೋಡ್‌ಗೆ ಹೋದೆ, ಡಿಡಿಆರ್4 ತಗೊಂಡೆ, ರಾತ್ರಿ ರೈಲು ಹತ್ತಿದೆ.

ಶನಿವಾರ ಬೆಳಗ್ಗೆ ಕ್ಯಾಬಿನೆಟ್ ಬಿಚ್ಚಿದೆ. ಸ್ಟಿಕ್ ಸ್ಲಾಟ್‌ನಲ್ಲಿ ಕೂರ್ತಾನೇ ಇಲ್ಲ. ತಿರುಗಿಸಿ ನೋಡಿದೆ, ಆಗಲೂ ಇಲ್ಲ. ಸ್ವಲ್ಪ ಒತ್ತಿದೆ. ಟಾರ್ಚ್ ಹಿಡ್ಕೊಂಡು ನಿಂತಿದ್ದ ಅಪ್ಪ "ಕೂರ್ತಿಲ್ಲ ಅಂದ್ರೆ ತಳ್ಳಬೇಡ ಪುಟ್ಟಿ" ಅಂದ್ರು. ಹಳೇ ಸ್ಟಿಕ್ ತೆಗೆದು ಲೇಬಲ್ ನೋಡಿದಾಗ ಗೊತ್ತಾಯ್ತು, ಅದು ಡಿಡಿಆರ್3ಎಲ್. ಆರನೇ ಜನರೇಷನ್ ಪ್ರೊಸೆಸರ್‌ಗಳು ಡಿಡಿಆರ್4 ಮತ್ತು ಡಿಡಿಆರ್3ಎಲ್ ಎರಡನ್ನೂ ಬಳಸಬಲ್ಲವು. ಯಾವುದನ್ನ ಹಾಕೋಕೆ ಆಗತ್ತೆ ಅಂತ ತೀರ್ಮಾನ ಮಾಡೋದು ಮದರ್‌ಬೋರ್ಡ್. ನಾನು ಪ್ರೊಸೆಸರ್ ನೋಡಿದ್ದೆ, ಬೋರ್ಡ್ ನೋಡಿರಲಿಲ್ಲ. ಬಿಲ್ ಮೇಲೆ ‘ಸೀಲ್ ತೆಗೆದ ಮಾಲು ವಾಪಸ್ ಇಲ್ಲ’ ಅಂತ ಅಚ್ಚಾಗಿತ್ತು.

ಅಪ್ಪ ಬೈಲಿಲ್ಲ. ಅಂಗಡಿ ಶುರುಮಾಡಿದ ಮೊದಲನೇ ವರ್ಷ ಅವರು 300 ಲಗ್ನಪತ್ರಿಕೆಯಲ್ಲಿ ಗುರುವಾರದ ಬದಲು ಶುಕ್ರವಾರ ಅಂತ ಅಚ್ಚು ಹಾಕಿಸಿದ್ದ ಕಥೆ ಹೇಳಿದ್ರು. ಮುನ್ನೂರನ್ನೂ ಕೈಯಿಂದ ದುಡ್ಡು ಹಾಕಿ ಮತ್ತೆ ಮಾಡಿಸಿಕೊಟ್ರಂತೆ. "ಪ್ರೂಫ್ ನೋಡ್ದೆ ಪ್ರಿಂಟ್‌ಗೆ ಹೋಗ್ಬಾರ್ದು. ನೀನು ಮಾಡಿದ್ದೂ ಅದೇ" ಅಂದ್ರು.

ಅದಕ್ಕೇ ಈ ಲೇಖನದ ಪ್ರತಿ ಹೆಜ್ಜೆಗೂ ನಾನು ‘ಪ್ರೂಫ್’ ಅಂತಲೇ ಹೆಸರಿಟ್ಟಿದ್ದೀನಿ.

ಮೊದಲನೇ ಪ್ರೂಫ್: ರ‍್ಯಾಮ್ ನಿಜವಾಗ್ಲೂ ಬೇಕಾ?

ಅಂಗಡಿಯ ಮೇಜು ಮತ್ತು ಬೀರು ನೆನಪಿಸಿಕೊಳ್ಳಿ. ಸದ್ಯಕ್ಕೆ ಕೆಲಸ ಮಾಡ್ತಿರೋ ಕಾಗದಗಳು ಮೇಜಿನ ಮೇಲೆ, ಉಳಿದಿದ್ದೆಲ್ಲ ಬೀರುವಿನಲ್ಲಿ. ರ‍್ಯಾಮ್ ಮೇಜು, ಹಾರ್ಡ್ ಡಿಸ್ಕ್ ಬೀರು. ಮೇಜು ತುಂಬಿದ್ರೆ ಒಂದನ್ನ ಬೀರುವಿಗೆ ಇಟ್ಟು ಇನ್ನೊಂದನ್ನ ತರಬೇಕು. ಆಪರೇಟಿಂಗ್ ಸಿಸ್ಟಮ್ ಮಾಡೋದೂ ಇದನ್ನೇ, ಅದಕ್ಕೆ ಪೇಜಿಂಗ್ ಅಂತಾರೆ. ರ‍್ಯಾಮ್‌ನಿಂದ ಡೇಟಾ ಬರೋಕೆ ಸುಮಾರು 100 ನ್ಯಾನೋಸೆಕೆಂಡ್‌ಗಿಂತ ಕಡಿಮೆ ಸಾಕು. ತಿರುಗೋ ಹಾರ್ಡ್ ಡಿಸ್ಕ್‌ನಲ್ಲಿ ತಲೆ ಸರಿಯಾದ ಜಾಗಕ್ಕೆ ಹೋಗಿ ಓದೋಕೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದ್ರೆ ಲಕ್ಷ ಪಟ್ಟು ವ್ಯತ್ಯಾಸ. ಮೇಜು ಚಿಕ್ಕದಾದಾಗ ಕಂಪ್ಯೂಟರ್ ಸ್ವಲ್ಪ ನಿಧಾನ ಆಗಲ್ಲ, ಪೂರ್ತಿ ನಿಂತೇಹೋದ ಹಾಗೆ ಅನ್ನಿಸೋದು ಇದೇ ಕಾರಣಕ್ಕೆ.

ಹಾಗಾಗಿ ಮೊದಲು ಅಳತೆ ಮಾಡಿ. ವಿಂಡೋಸ್ 10 ಅಥವಾ 11 ಆದ್ರೆ ಟಾಸ್ಕ್ ಮ್ಯಾನೇಜರ್ ಓಪನ್ ಮಾಡಿ, ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಮೆಮೊರಿ ಒತ್ತಿ. ಸುಮ್ಮನೆ ಖಾಲಿ ಕಂಪ್ಯೂಟರ್‌ನಲ್ಲಿ ನೋಡಬೇಡಿ. ದಿನಾ ಮಾಡೋ ಕೆಲಸಾನ ಪೂರ್ತಿ ತೆರೆದಿಟ್ಟು ನೋಡಿ. ನಮ್ಮ ಅಂಗಡೀಲಿ ಕೋರೆಲ್, ಫೋಟೋಶಾಪ್, ಬ್ರೌಸರ್ ಮೂರೂ ಓಪನ್ ಇದ್ದಾಗ 4 ಜಿಬಿಯಲ್ಲಿ 3.7 ಜಿಬಿ ಬಳಕೆಯಲ್ಲಿತ್ತು. ಪಕ್ಕದಲ್ಲಿ ಡಿಸ್ಕ್ 100% ತೋರಿಸ್ತಿತ್ತು. ಮೆಮೊರಿ ತುಂಬಿ ಡಿಸ್ಕ್ ಕೂಡ ಒದ್ದಾಡ್ತಿದ್ರೆ ರ‍್ಯಾಮ್ ಹಾಕೋದ್ರಿಂದ ಖಂಡಿತ ಉಪಯೋಗ ಇದೆ. ಅದೇ ಮೆಮೊರಿ ಅರ್ಧ ಖಾಲಿ ಇದ್ದು ಡಿಸ್ಕ್ ಮಾತ್ರ 100% ಇದ್ರೆ, ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಎಸ್ಎಸ್‌ಡಿ ತಗೊಳ್ಳಿ.

ಇನ್ನೊಂದು ವಿಷಯ. ವಿಂಡೋಸ್ 32 ಬಿಟ್ಟಾ 64 ಬಿಟ್ಟಾ ನೋಡಿ. ಹಳೇ ಸಾಫ್ಟ್‌ವೇರ್ ಓಡಬೇಕು ಅಂತ ಎಷ್ಟೋ ಕಡೆ ಇನ್ನೂ 32 ಬಿಟ್ ಇಟ್ಕೊಂಡಿರ್ತಾರೆ. 2ರ ಘಾತ 32 ಅಂದ್ರೆ 429 ಕೋಟಿ ಚಿಲ್ಲರೆ ವಿಳಾಸ, ಅಂದ್ರೆ 4 ಜಿಬಿ. ಮನೆ, ಕಚೇರಿಗೆ ಬರೋ 32 ಬಿಟ್ ವಿಂಡೋಸ್‌ನಲ್ಲಿ ನೀವು 16 ಜಿಬಿ ಹಾಕಿದ್ರೂ ಅದು 4 ಜಿಬಿ ಗಡಿ ದಾಟಲ್ಲ.

ಎರಡನೇ ಪ್ರೂಫ್: ಯಾವ ರ‍್ಯಾಮ್?

ಇಲ್ಲೇ ನಾನು ಬಿದ್ದಿದ್ದು. ಡೆಸ್ಕ್‌ಟಾಪ್ ರ‍್ಯಾಮ್ ಸ್ಟಿಕ್‌ಗಳು ದೂರದಿಂದ ಎಲ್ಲ ಒಂದೇ ಥರ ಕಾಣತ್ತೆ, ಉದ್ದಾನೂ ಒಂದೇ. ಒಳಗಡೆ ಬೇರೆ ಬೇರೆ.

ಡಿಡಿಆರ್3ಯಲ್ಲಿ 240 ಪಿನ್, 1.5 ವೋಲ್ಟ್. ಅದರ ಕಡಿಮೆ ವೋಲ್ಟೇಜ್ ತಮ್ಮ ಡಿಡಿಆರ್3ಎಲ್, 1.35 ವೋಲ್ಟ್. ಡಿಡಿಆರ್4ರಲ್ಲಿ 288 ಪಿನ್, 1.2 ವೋಲ್ಟ್. ಡಿಡಿಆರ್5ರಲ್ಲೂ 288 ಪಿನ್ನೇ, ಆದರೆ 1.1 ವೋಲ್ಟ್. ಪಿನ್‌ಗಳ ಸಾಲಿನ ಮಧ್ಯೆ ಒಂದು ಸಣ್ಣ ಕಚ್ಚು ಇರತ್ತಲ್ಲ, ಅದನ್ನ ನಾಚ್ ಅಂತಾರೆ. ಒಂದೊಂದು ಪೀಳಿಗೆಯಲ್ಲೂ ಅದರ ಜಾಗ ಬೇರೆ. ತಪ್ಪು ಸ್ಟಿಕ್ ತಪ್ಪು ಸ್ಲಾಟ್‌ಗೆ ಹೋಗಿ ಎರಡೂ ಸುಟ್ಟುಹೋಗದ ಹಾಗೆ ಬೇಕಂತಲೇ ಹಾಗೆ ಮಾಡಿರೋದು. ನನ್ನ ಸ್ಟಿಕ್ ಕೂರದೇ ಇದ್ದಿದ್ದು ಅದಕ್ಕೇ. ಇನ್ನೂ ಜೋರಾಗಿ ಒತ್ತಿದ್ದಿದ್ರೆ 1,900 ರೂಪಾಯಿ ಜೊತೆ ಮದರ್‌ಬೋರ್ಡೂ ಹೋಗ್ತಿತ್ತು.

ಲ್ಯಾಪ್‌ಟಾಪ್ ಸ್ಟಿಕ್ ಬೇರೆ, ಅದು ಇದರ ಅರ್ಧ ಉದ್ದ ಇರತ್ತೆ. ಡೆಸ್ಕ್‌ಟಾಪ್‌ಗೆ ತಗೋಳುವಾಗ ಅಂಗಡಿಯವರಿಗೆ ‘ಡೆಸ್ಕ್‌ಟಾಪ್ ರ‍್ಯಾಮ್’ ಅಂತ ಬಾಯಿಬಿಟ್ಟು ಹೇಳಿ.

ಹಳೇ ಸ್ಟಿಕ್ಕನ್ನ ಬಿಚ್ಚಿ ಲೇಬಲ್ ಓದೋದು ಎಲ್ಲಕ್ಕಿಂತ ಸುಲಭದ ದಾರಿ. ನಮ್ಮದರ ಮೇಲೆ ಹೀಗಿತ್ತು: 4 ಜಿಬಿ, 1ಆರ್x8, ಪಿಸಿ3ಎಲ್-12800ಯು. ಒಂದೊಂದಾಗಿ ಬಿಡಿಸೋಣ.

‘ಪಿಸಿ3’ ಅಂದ್ರೆ ಡಿಡಿಆರ್3. ‘ಎಲ್’ ಅಂದ್ರೆ 1.35 ವೋಲ್ಟ್.

‘12800’ ಅಂದ್ರೆ ಸೆಕೆಂಡಿಗೆ 12,800 ಮೆಗಾಬೈಟ್. ಇದು ಎಲ್ಲಿಂದ ಬಂತು? ಈ ಸ್ಟಿಕ್ ಸೆಕೆಂಡಿಗೆ 1,600 ಮಿಲಿಯನ್ ಸಲ ಡೇಟಾ ಕಳಿಸತ್ತೆ, ಒಂದೊಂದು ಸಲಕ್ಕೆ 64 ಬಿಟ್ ಅಂದ್ರೆ 8 ಬೈಟ್. 1600 ಗುಣಿಸು 8, ಅಷ್ಟೇ ಲೆಕ್ಕ.

ಕೊನೇ ಅಕ್ಷರ ತುಂಬಾ ಮುಖ್ಯ. ‘ಯು’ ಇದ್ರೆ ಮಾಮೂಲಿ ಡೆಸ್ಕ್‌ಟಾಪ್ ಸ್ಟಿಕ್. ‘ಎಸ್’ ಇದ್ರೆ ಲ್ಯಾಪ್‌ಟಾಪ್‌ದು. ‘ಆರ್’ ಇದ್ರೆ ಸರ್ವರ್‌ದು, ಉದ್ದ ಒಂದೇ ಇದ್ದು ಸ್ಲಾಟ್‌ನಲ್ಲಿ ಕೂತ್ಕೊಂಡ್ರೂ ಮನೆ ಕಂಪ್ಯೂಟರ್ ಅದರಲ್ಲಿ ಆನ್ ಆಗಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೆ 16 ಜಿಬಿ ಸ್ಟಿಕ್ ಸಿಕ್ತು ಅಂತ ಖುಷಿಪಡೋ ಮುಂಚೆ ಆ ಅಕ್ಷರ ನೋಡಿ.

‘1ಆರ್x8’ ಅನ್ನೋದು ಸ್ಟಿಕ್ ಮೇಲಿನ ಚಿಪ್‌ಗಳ ಜೋಡಣೆ. 1ಆರ್ ಅಂದ್ರೆ ಒಂದು ರ‍್ಯಾಂಕ್, x8 ಅಂದ್ರೆ ಒಂದೊಂದು ಚಿಪ್ಪೂ 8 ಬಿಟ್ ಕೊಡತ್ತೆ. ಎಂಟು ಚಿಪ್ ಸೇರಿದ್ರೆ 64 ಬಿಟ್.

ಬಿಚ್ಚೋಕೆ ಆಗಲ್ಲ ಅಂದ್ರೆ ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್‌ನಲ್ಲಿ ಎಷ್ಟು ತುಂಬಿದೆ ಅಂತ ಇರತ್ತೆ. ನಾನು ಅಪ್ಪನ್ನ ಕೇಳಿದಾಗ ಅವರು ಇದನ್ನೂ ಓದಿ ಹೇಳಿದ್ರು: 1600, ನಾಲ್ಕರಲ್ಲಿ ಒಂದು. ಆರನೇ ಜನರೇಷನ್‌ನಲ್ಲಿ ಡಿಡಿಆರ್4 ಸಾಮಾನ್ಯವಾಗಿ 2133ರಲ್ಲಿ ಓಡತ್ತೆ. 1600 ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಲಿನಕ್ಸ್ ಇರೋರು ಡಿಎಂಐಡೀಕೋಡ್ ಕಮಾಂಡ್‌ನಲ್ಲಿ ಇದೇ ವಿವರ ನೋಡಬಹುದು.

ಕೊನೆಗೆ, ಮದರ್‌ಬೋರ್ಡ್ ಹೆಸರು ಹಿಡಿದು ಅದರ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ. ಹೆಸರು ಬೋರ್ಡ್ ಮೇಲೇ ಅಚ್ಚಾಗಿರತ್ತೆ, ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲೂ ಕಾಣತ್ತೆ. ಗರಿಷ್ಠ ಎಷ್ಟು ಜಿಬಿ, ಒಂದು ಸ್ಲಾಟ್‌ಗೆ ಎಷ್ಟು, ಎಷ್ಟು ವೋಲ್ಟ್ ಎಲ್ಲ ಅದರಲ್ಲಿದೆ. ಇಂಟೆಲ್‌ನ ಆರನೇ ಜನರೇಷನ್‌ಗೆ 1.35 ವೋಲ್ಟ್‌ನ ಡಿಡಿಆರ್3ಎಲ್ ಅಂತಲೇ ನಿಗದಿ ಮಾಡಿದ್ದಾರೆ. ಮ್ಯಾನ್ಯುಯಲ್ ಹೇಳದೆ 1.5 ವೋಲ್ಟ್‌ನ ಮಾಮೂಲಿ ಡಿಡಿಆರ್3 ಹಾಕೋ ಸಾಹಸ ಬೇಡ.

ಮೂರನೇ ಪ್ರೂಫ್: ಎಷ್ಟು, ಎಲ್ಲಿ?

ಈಗ ಜೋಡಣೆ. ಮೂರನೇ ಸೆಮ್‌ನಲ್ಲಿ ಮೆಮೊರಿ ಇಂಟರ್‌ಲೀವಿಂಗ್ ಅಂತ ಓದಿ, ಬರೆದು, ಮರೆತುಬಿಟ್ಟಿದ್ವಲ್ಲ, ಅದು ನಿಜವಾಗಿ ಇರೋದು ಇಲ್ಲಿ.

ನಮ್ಮ ಕ್ಯಾಂಟೀನ್ ನೆನಪಿಸಿಕೊಳ್ಳಿ. ಒಂದೇ ಕೌಂಟರ್ ಇದ್ರೆ, ಕ್ಯೂ ಒಂದೇ. ಅದೇ ಕೌಂಟರ್ ಹಿಂದೆ ಇನ್ನೊಂದು ಪಾತ್ರೆ ತುಂಬಾ ಪುಳಿಯೋಗರೆ ತಂದಿಟ್ರೆ ಊಟ ಖಾಲಿಯಾಗಲ್ಲ, ಆದರೆ ಕ್ಯೂ ಬೇಗ ಸರಿಯಲ್ಲ. ಎರಡನೇ ಕೌಂಟರ್ ತೆರೆದ್ರೆ ಮಾತ್ರ ಕ್ಯೂ ಎರಡಾಗಿ ಒಡೆಯತ್ತೆ. ಮೆಮೊರಿ ಚಾನೆಲ್ ಅಂದ್ರೆ ಈ ಕೌಂಟರ್. ನಮ್ಮ ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿ ಎರಡು ಚಾನೆಲ್: ಎ ಮತ್ತು ಬಿ. ನಾಲ್ಕು ಸ್ಲಾಟ್ ಇದ್ರೆ ಒಂದೊಂದು ಚಾನೆಲ್‌ಗೆ ಎರಡೆರಡು: ಎ1, ಎ2, ಬಿ1, ಬಿ2.

ಪ್ರೊಸೆಸರ್ ರ‍್ಯಾಮ್‌ನಿಂದ ಡೇಟಾ ತಗೋಳೋದು ಒಂದೊಂದು ಬೈಟ್ ಆಗಿ ಅಲ್ಲ, 64 ಬೈಟ್‌ನ ಒಂದು ಕಟ್ಟಾಗಿ. ಅದೇ ಕ್ಯಾಶ್ ಲೈನ್. ಡಿಡಿಆರ್3, ಡಿಡಿಆರ್4 ಎರಡರಲ್ಲೂ ಒಂದು ಸಲ ಕೇಳಿದ್ರೆ 8 ಬೈಟ್‌ನಂತೆ ಸಾಲಾಗಿ 8 ಸಲ ಬರತ್ತೆ. 8 ಎಂಟ್ಲೆ 64. ಎರಡು ಚಾನೆಲ್ ತುಂಬಿದ್ದಾಗ, ಸರಳವಾಗಿ ಹೇಳೋದಾದ್ರೆ, ಒಂದು ಕಟ್ಟು ಎ ಇಂದ, ಮುಂದಿನದು ಬಿ ಇಂದ, ಹೀಗೆ ಸರದಿ ಪ್ರಕಾರ. ಡಿಡಿಆರ್3-1600ರಲ್ಲಿ ಒಂದು ಚಾನೆಲ್ ಅಂದ್ರೆ ಸೆಕೆಂಡಿಗೆ 12.8 ಜಿಬಿ, ಎರಡಾದ್ರೆ 25.6 ಜಿಬಿ. ಇದು ಗರಿಷ್ಠ ಲೆಕ್ಕ, ಎಲ್ಲ ಕೆಲಸಾನೂ ಎರಡು ಪಟ್ಟು ಬೇಗ ಆಗಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಿಗೆ ಮಾತ್ರ ಲಾಭ ಚೆನ್ನಾಗಿ ಕಾಣತ್ತೆ, ಯಾಕಂದ್ರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನ ಹಂಚಿಕೊಳ್ಳತ್ತೆ. ನಮ್ಮ ಅಂಗಡಿಯದ್ದೂ ಹಾಗೇ.

ನನ್ನ ಮುಂದೆ ಮೂರು ದಾರಿ ಇತ್ತು. ಇರೋ 4 ಜಿಬಿಗೆ ಇನ್ನೊಂದು 4 ಜಿಬಿ ಜೋಡಿಸಿದ್ರೆ ಒಟ್ಟು 8 ಜಿಬಿ, ಪೂರ್ತಿ ಡ್ಯುಯಲ್ ಚಾನೆಲ್. ಹಳೇದನ್ನ ತೆಗೆದು ಎರಡು 8 ಜಿಬಿ ಹಾಕಿದ್ರೆ 16 ಜಿಬಿ, ಅದೂ ಪೂರ್ತಿ ಡ್ಯುಯಲ್, ಆದರೆ ದುಡ್ಡು ಇಲ್ಲ. ಇರೋ 4ಕ್ಕೆ ಒಂದು 8 ಸೇರಿಸಿದ್ರೆ 12 ಜಿಬಿ.

ಎರಡೂ ಒಂದೇ ಅಳತೆ ಇಲ್ಲದಿದ್ರೆ ಡ್ಯುಯಲ್ ಚಾನೆಲ್ ಕೆಲಸಾನೇ ಮಾಡಲ್ಲ ಅಂತ ಕೆಲವರು ಹೇಳ್ತಾರೆ. ಪೂರ್ತಿ ನಿಜ ಅಲ್ಲ. ಇಂಟೆಲ್‌ನಲ್ಲಿ ಫ್ಲೆಕ್ಸ್ ಮೋಡ್ ಅಂತ ಇದೆ. ಎ ಚಾನೆಲ್‌ನಲ್ಲಿ 4, ಬಿ ಚಾನೆಲ್‌ನಲ್ಲಿ 8 ಇದ್ರೆ, ಎರಡೂ ಕಡೆಯಿಂದ 4 ಪ್ಲಸ್ 4 ಸೇರಿ 8 ಜಿಬಿ ಡ್ಯುಯಲ್ ಆಗಿ ನಡೆಯತ್ತೆ, ಉಳಿದ 4 ಜಿಬಿ ಸಿಂಗಲ್ ಆಗಿ. ಮೇಜು ಚಿಕ್ಕದಿದ್ದಾಗ ಮೊದಲು ಮೇಜು ದೊಡ್ಡದು ಮಾಡ್ಬೇಕು, ಕೌಂಟರ್ ಲೆಕ್ಕ ಆಮೇಲೆ. ಅದಕ್ಕೆ ನಾನು ಮೂರನೇ ದಾರಿ ಹಿಡಿದೆ. ಸೆಕೆಂಡ್ ಹ್ಯಾಂಡ್ 8 ಜಿಬಿ ಡಿಡಿಆರ್3ಎಲ್, 1600, ಕೊನೇಲಿ ‘ಯು’. ಈ ಸಲ ಹಳೇ ಸ್ಟಿಕ್‌ನ ಫೋಟೋ ಫೋನಲ್ಲಿ ಇಟ್ಕೊಂಡು ಹೋಗಿ, ಎರಡೂ ಲೇಬಲ್ ಪಕ್ಕಪಕ್ಕ ಹಿಡಿದು ನೋಡಿ, ಅಂಗಡೀಲೇ ಹಾಕಿ ತೋರಿಸಿ ಅಂತ ಕೇಳಿ ತಗೊಂಡೆ. ಮೆಸ್ ಬಿಟ್ಟು ಹೊರಗಡೆ ತಿನ್ನೋದನ್ನ ಎರಡು ತಿಂಗಳು ನಿಲ್ಲಿಸಿ ಕೂಡಿಸಿದ ದುಡ್ಡು ಅದು.

ಸ್ಪೀಡ್ ಬೇರೆ ಬೇರೆ ಇರೋ ಎರಡು ಸ್ಟಿಕ್ ಹಾಕಿದ್ರೆ ಎರಡೂ ನಿಧಾನದ ಸ್ಟಿಕ್‌ನ ಸ್ಪೀಡಿಗೆ ಇಳಿಯತ್ತೆ. ಪ್ರತಿ ಸ್ಟಿಕ್‌ನಲ್ಲೂ ಎಸ್‌ಪಿಡಿ ಅನ್ನೋ ಒಂದು ಪುಟ್ಟ ಚಿಪ್ ಇದೆ. ‘ನಾನು ಇಷ್ಟು ಸ್ಪೀಡ್, ಇಷ್ಟು ಟೈಮಿಂಗ್’ ಅಂತ ಅದು ಬಯಾಸ್‌ಗೆ ಹೇಳತ್ತೆ. ಬಯಾಸ್ ಎಲ್ಲರಿಗೂ ಒಗ್ಗೋ ಸ್ಪೀಡ್ ಆರಿಸತ್ತೆ.

ಹೊಸದಾಗಿ ಡಿಡಿಆರ್5 ಡೆಸ್ಕ್‌ಟಾಪ್ ಕಟ್ಟಿಸೋರಿಗೆ ಒಂದು ಮಾತು. ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕು ಸಣ್ಣ ಸ್ಟಿಕ್ ತುಂಬಬೇಡಿ. ಎಎಂಡಿಯ ರೈಝೆನ್ 7000 ಸರಣಿಯಲ್ಲಿ ಎರಡು ಸ್ಟಿಕ್‌ಗೆ ಅಧಿಕೃತ ಸ್ಪೀಡ್ 5200, ನಾಲ್ಕು ಹಾಕಿದ್ರೆ 3600. ದೊಡ್ಡದು ಎರಡು ಒಂದೇ ಪ್ಯಾಕ್‌ನಲ್ಲಿ ತಗೊಳ್ಳಿ.

ನಾಲ್ಕನೇ ಪ್ರೂಫ್: ಕೈ ಹಾಕೋ ಹೊತ್ತು

ಕಂಪ್ಯೂಟರ್ ಶಟ್‌ಡೌನ್ ಮಾಡಿ. ಯುಪಿಎಸ್ ಇದ್ರೆ ಅದನ್ನೂ ಆಫ್ ಮಾಡಿ, ಪವರ್ ಕೇಬಲ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ನನ್ನ ಐದಾರು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಚಾರ್ಜ್ ಹೋಗಲಿ.

ಕ್ಯಾಬಿನೆಟ್ಟನ್ನ ಅಡ್ಡ ಮಲಗಿಸಿ, ಬದಿಯ ಪ್ಯಾನಲ್ ಬಿಚ್ಚಿ. ಬಣ್ಣ ಬಳಿಯದ ಕಬ್ಬಿಣದ ಭಾಗವನ್ನ ಒಂದು ಸಲ ಮುಟ್ಟಿ. ನಮ್ಮ ಮೈಮೇಲಿನ ಸ್ಟ್ಯಾಟಿಕ್ ಚಾರ್ಜ್ ನಮಗೆ ಗೊತ್ತೇ ಆಗಲ್ಲ, ಚಿಪ್‌ಗೆ ಗೊತ್ತಾಗತ್ತೆ. ಕೆಲಸ ಮಾಡ್ತಾ ಮಧ್ಯೆ ಮಧ್ಯೆಯೂ ಮುಟ್ತಾ ಇರಿ. ಸ್ಟಿಕ್ಕನ್ನ ಅಂಚು ಹಿಡಿದು ಎತ್ತಿ, ಬಂಗಾರದ ಬಣ್ಣದ ಪಿನ್ ಮುಟ್ಟಬೇಡಿ.

ಧೂಳು ತುಂಬಿದ್ರೆ ಮೆತ್ತಗಿನ ಬ್ರಷ್‌ನಲ್ಲಿ ತೆಗೀರಿ. ನಮ್ಮ ಅಂಗಡೀಲಿ ಹತ್ತಿರ ಹತ್ತಿರ ಎಂಟು ವರ್ಷದ ಧೂಳು ಮತ್ತು ಕಾಗದದ ಹಿಟ್ಟು ಇತ್ತು.

ಸ್ಲಾಟ್‌ನ ತುದಿಯ ಕ್ಲಿಪ್ ಹೊರಕ್ಕೆ ಒತ್ತಿ. ಕೆಲವು ಬೋರ್ಡ್‌ಗಳಲ್ಲಿ ಎರಡೂ ಕಡೆ ಕ್ಲಿಪ್, ಕೆಲವಲ್ಲಿ ಒಂದೇ ಕಡೆ. ಸ್ಟಿಕ್‌ನ ನಾಚನ್ನ ಸ್ಲಾಟ್‌ನ ಉಬ್ಬಿಗೆ ಸರಿಹೊಂದಿಸಿ, ನೇರವಾಗಿ ಇಟ್ಟು, ಎರಡೂ ತುದಿಯಲ್ಲಿ ಹೆಬ್ಬೆರಳಿಂದ ಸಮನಾಗಿ ಒತ್ತಿ. ‘ಟಕ್’ ಅಂತ ಕ್ಲಿಪ್ ತಾನೇ ಮುಚ್ಚಿಕೊಳ್ಳತ್ತೆ. ನಾಚ್ ಸರಿ ಇದ್ದಾಗ ಸ್ವಲ್ಪ ಗಟ್ಟಿಯಾಗೇ ಒತ್ತಬೇಕಾಗತ್ತೆ. ನಾಚ್ ಸರಿ ಇಲ್ಲದಾಗ ಮಾತ್ರ ಅಪ್ಪನ ಮಾತು: ತಳ್ಳಬೇಡಿ.

ಯಾವ ಸ್ಲಾಟ್? ಈಗಿನ ಬಹಳಷ್ಟು ಬೋರ್ಡ್‌ಗಳಲ್ಲಿ ಎರಡು ಸ್ಟಿಕ್ ಇದ್ರೆ ಎ2 ಮತ್ತು ಬಿ2, ಅಂದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು. ಸ್ಲಾಟ್‌ನ ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಹಳೇ ಬೋರ್ಡ್‌ಗಳಲ್ಲಿ ಪದ್ಧತಿ ಬೇರೆ ಇರಬಹುದು. ಬೋರ್ಡ್ ಮೇಲಿನ ಅಕ್ಷರ ಮತ್ತು ಮ್ಯಾನ್ಯುಯಲ್ ಹೇಳಿದ್ದೇ ಸರಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಇಲ್ಲೂ ಒಂದು ಸಲ ಎಡವಿದೆ. ಹಳೇ 4 ಜಿಬಿ ಎ2ರಲ್ಲಿತ್ತು. ಪಕ್ಕದಲ್ಲೇ ಖಾಲಿ ಇದೆಯಲ್ಲ ಅಂತ 8 ಜಿಬಿಯನ್ನ ಎ1ಕ್ಕೆ ಹಾಕಿದೆ. ಆನ್ ಆಯ್ತು, 12 ಜಿಬಿ ತೋರಿಸ್ತು, ನಾನು ಕುಣಿದುಬಿಟ್ಟೆ. ಆಮೇಲೆ ಸಿಪಿಯು-ಝಡ್‌ನಲ್ಲಿ ನೋಡಿದ್ರೆ ಚಾನೆಲ್: ಸಿಂಗಲ್. ಒಂದೇ ಕೌಂಟರ್ ಹಿಂದೆ ಎರಡು ಪಾತ್ರೆ! ಮತ್ತೆ ಆಫ್ ಮಾಡಿ, ಕೇಬಲ್ ಕಿತ್ತು, ಸ್ಟಿಕ್ಕನ್ನ ಬಿ2ಕ್ಕೆ ಹಾಕಿದೆ. ಚಾನೆಲ್: ಡ್ಯುಯಲ್. ಒಂದು ರೂಪಾಯಿ ಖರ್ಚಿಲ್ಲದೆ ಆದ ಅಪ್‌ಗ್ರೇಡ್ ಅದು. ನಿಮ್ಮ ಮನೆ ಕಂಪ್ಯೂಟರ್‌ನಲ್ಲೂ ಎರಡು ಸ್ಟಿಕ್ ಇದ್ದು ಪಕ್ಕಪಕ್ಕ ಕೂತಿದ್ರೆ ಒಂದ್ಸಲ ನೋಡಿ, ರ‍್ಯಾಮ್ ಕೊಳ್ಳದೇನೇ ಸ್ವಲ್ಪ ಲಾಭ ಸಿಗಬಹುದು.

ಕೊನೇ ಪ್ರೂಫ್: ಹಾಕಿದ ಮೇಲೆ

ಮೊದಲನೇ ಸಲ ಆನ್ ಮಾಡಿದಾಗ ಸ್ಕ್ರೀನ್ ಬರೋಕೆ ಸ್ವಲ್ಪ ತಡ ಆದ್ರೆ ಗಾಬರಿಯಾಗಬೇಡಿ. ಬಯಾಸ್ ಹೊಸ ರ‍್ಯಾಮ್ ಜೊತೆ ಹೊಂದಿಕೊಳ್ತಿರತ್ತೆ. ಡಿಡಿಆರ್5ರಲ್ಲಿ ಇದಕ್ಕೆ ಕೆಲವು ನಿಮಿಷ ಹಿಡಿಯೋದೂ ಉಂಟು.

ಏನೂ ಬರಲೇ ಇಲ್ಲ, ಬೀಪ್ ಬೀಪ್ ಅಂತಿದೆ ಅಂದ್ರೆ, ಹತ್ತರಲ್ಲಿ ಎಂಟು ಸಲ ಸ್ಟಿಕ್ ಪೂರ್ತಿ ಕೂತಿಲ್ಲ ಅಂತಲೇ ಇಟ್ಕೊಳ್ಳಿ. ಆಫ್ ಮಾಡಿ, ಕೇಬಲ್ ಕಿತ್ತು, ತೆಗೆದು ಮತ್ತೆ ಹಾಕಿ. ಆಗಲೂ ಆಗದಿದ್ರೆ ಒಂದೊಂದೇ ಸ್ಟಿಕ್ ಇಟ್ಟು ನೋಡಿ. ಹಳೇದು ಒಂದೇ ಇದ್ದಾಗ ಆನ್ ಆಗತ್ತೆ, ಹೊಸದು ಒಂದೇ ಇದ್ದಾಗ ಆಗಲ್ಲ ಅಂದ್ರೆ ತೊಂದರೆ ಎಲ್ಲಿದೆ ಅಂತ ಗೊತ್ತಾಯ್ತಲ್ಲ.

ಆನ್ ಆದ ಮೇಲೆ ಮೂರು ವಿಷಯ ನೋಡಿ. ಒಟ್ಟು ಎಷ್ಟು ಜಿಬಿ ತೋರಿಸ್ತಿದೆ? ‘ಹಾರ್ಡ್‌ವೇರ್ ರಿಸರ್ವ್ಡ್’ ಅಂತ ಸ್ವಲ್ಪ ಕಡಿಮೆ ಕಂಡ್ರೆ ಅದು ಬಹುಮಟ್ಟಿಗೆ ಒಳಗಿನ ಗ್ರಾಫಿಕ್ಸ್ ಪಾಲು. ಚಾನೆಲ್ ಸಿಂಗಲ್ಲಾ ಡ್ಯುಯಲ್ಲಾ? ಸ್ಪೀಡ್ ಎಷ್ಟು? ಸಿಪಿಯು-ಝಡ್‌ನಲ್ಲಿ 1600ರ ಬದಲು 800ರ ಹತ್ತಿರ ಕಂಡ್ರೆ ಮೋಸ ಹೋದೆ ಅಂದ್ಕೋಬೇಡಿ. ಡಿಡಿಆರ್ ಅಂದ್ರೇನೇ ಡಬಲ್ ಡೇಟಾ ರೇಟ್, ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ. 800 ಎರಡ್ಲೆ 1600.

ಎಲ್ಲ ಸರಿ ಇದ್ರೂ ಕೆಲಸ ಮುಗೀಲಿಲ್ಲ. ಸೆಕೆಂಡ್ ಹ್ಯಾಂಡ್ ಸ್ಟಿಕ್ ಆದ್ರಂತೂ ಮೆಮ್‌ಟೆಸ್ಟ್86ಪ್ಲಸ್ ಅನ್ನೋ ಉಚಿತ ಪ್ರೋಗ್ರಾಮನ್ನ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದ್ರೂ ಆ ಸ್ಟಿಕ್ ಬೇಡ. ಕೆಟ್ಟ ರ‍್ಯಾಮ್ ಇದ್ರೆ ಕಂಪ್ಯೂಟರ್ ನಿಂತುಹೋಗೋದು ಒಂದು ಕಡೆ, ನೀವು ಸೇವ್ ಮಾಡೋ ಫೈಲ್ ಒಳಗೇ ಸದ್ದಿಲ್ಲದೆ ತಪ್ಪು ಸೇರಿಕೊಳ್ಳೋದು ಇನ್ನೊಂದು ಕಡೆ. ಲಗ್ನಪತ್ರಿಕೆ ಮಾಡೋ ಅಂಗಡೀಲಿ ಅದಕ್ಕಿಂತ ದೊಡ್ಡ ಭಯ ಇಲ್ಲ. ನಾನು ರಾತ್ರಿ ಹತ್ತಕ್ಕೆ ಶುರುಮಾಡಿ ಬೆಳಗ್ಗೆ ಆರಕ್ಕೆ ಅಪ್ಪನ ಜೊತೆ ಹೋಗಿ ಶಟರ್ ಎತ್ತಿದಾಗ ಎರರ್ ಸೊನ್ನೆ ಇತ್ತು.

ಈಗ ಹೇಗಿದೆ?

ಮೂರೂ ಸಾಫ್ಟ್‌ವೇರ್ ಓಪನ್ ಇದ್ದಾಗ ಸುಮಾರು 6 ಜಿಬಿ ಬಳಕೆಯಾಗ್ತಿದೆ. ಅಂದ್ರೆ ಅಷ್ಟು ದಿನ 6 ಜಿಬಿ ಕೆಲಸಾನ 4 ಜಿಬಿ ಮೇಜಿನ ಮೇಲೆ ತುರುಕ್ತಿದ್ವಿ. ಮೊದಲು ಮೂರು ನಿಮಿಷ ತಗೋತಿದ್ದ ದೊಡ್ಡ ಬ್ಯಾನರ್ ಫೈಲ್ ಈಗ ಮುಕ್ಕಾಲು ನಿಮಿಷದೊಳಗೆ ಓಪನ್ ಆಗತ್ತೆ. ಬೆಳಗ್ಗೆ ಕಂಪ್ಯೂಟರ್ ಆನ್ ಆಗೋದು ಮಾತ್ರ ಮೊದಲಿನಷ್ಟೇ ನಿಧಾನ, ಯಾಕಂದ್ರೆ ಅದು ಹಾರ್ಡ್ ಡಿಸ್ಕ್ ಕೆಲಸ, ರ‍್ಯಾಮ್‌ದಲ್ಲ. ಮುಂದಿನ ರಜೆಗೆ ಎಸ್ಎಸ್‌ಡಿ. ಬಿಟ್ಟುಹೋದ ಮೂರು ಗಿರಾಕಿಗಳಲ್ಲಿ ಒಬ್ಬರು ಮಗಳ ಸೀಮಂತದ ಕಾರ್ಡಿಗೆ ವಾಪಸ್ ಬಂದ್ರಂತೆ. ಟೀ ಕುಡಿದು ಮುಗಿಸೋ ಮುಂಚೆ ಪ್ರೂಫ್ ಕೈಗೆ ಕೊಟ್ರು ಅಂತ ಅಪ್ಪನೇ ಫೋನ್ ಮಾಡಿ ಹೇಳಿದ್ರು.

ಆ ಡಿಡಿಆರ್4 ಸ್ಟಿಕ್ಕನ್ನ ಮಾರಿಬಿಡು ಅಂತ ರೂಮ್‌ಮೇಟ್ ಹೇಳ್ತಾನೇ ಇರ್ತಾಳೆ. ಇನ್ನೂ ಮಾರಿಲ್ಲ. ನಿಮ್ಮಲ್ಲಿ ಯಾರಾದ್ರೂ ಮನೆ ಕಂಪ್ಯೂಟರ್‌ಗೆ ರ‍್ಯಾಮ್ ತಗೋಬೇಕು ಅಂತಿದ್ರೆ ಹಳೇ ಸ್ಟಿಕ್‌ನ ಲೇಬಲ್ ಫೋಟೋ ತಗೊಂಡು ಕ್ಲಬ್ ರೂಮ್‌ಗೆ ಬನ್ನಿ. ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನಾಚ್ ಎಲ್ಲಿರತ್ತೆ ಅಂತ ತೋರಿಸ್ತೀನಿ. 1,900 ರೂಪಾಯಿ ಕೊಟ್ಟು ತಗೊಂಡಿದ್ದಕ್ಕೆ ಅಷ್ಟಾದ್ರೂ ಕೆಲಸ ಮಾಡಲಿ.